ಎಣ್ಣಿ ಹೊಡೆಯುವ ದಿನ: ನಾಯಿಗಳ ಬಳಕೆಗಾಗಿ ಕೈಪಿಡಿ

ಶಿರೋಳದ ಹಿತ್ತಲು, ಹೊಲದ ಬದು ಮತ್ತು ಗೊಬ್ಬರದಂಗಡಿ ಮುಂದಿನ ಕಟ್ಟೆಯ ಮೇಲೆ ವಾಸಿಸುವ ಸಮಸ್ತ ನಾಯಿಗಳ ಗಮನಕ್ಕೆ. ಎಣ್ಣಿ, ಅಂದರೆ ಕೀಟನಾಶಕ, ಹೊಡೆಯಲು ಪಂಪು ಬೆನ್ನಿಗೇರಿಸುವ ಮುಂಚೆ ಡಬ್ಬಿಯ ಜೊತೆ ಬರುವ ಚೀಟಿಯನ್ನು ಯಜಮಾನರು ಓದುವ ರೂಢಿ ಇಲ್ಲ. ಆದ್ದರಿಂದ ನೀವೇ ಓದಿಕೊಳ್ಳತಕ್ಕದ್ದು.

ಮೊದಲು ಡಬ್ಬಿಯ ಮೇಲಿನ ಬಣ್ಣ ನೋಡಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಎಂದರೆ ಅತಿ ಘೋರ ವಿಷ. ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ನಿಮ್ಮ ಕಣ್ಣಿಗೆ ಹಳದಿ, ನೀಲಿ ಚೆನ್ನಾಗಿ ಕಾಣುತ್ತವೆ. ಕೆಂಪು ಯಾವುದು, ಹಸಿರು ಯಾವುದು ಎಂದು ಮಾತ್ರ ತಿಳಿಯುವುದಿಲ್ಲ. ಅಂದರೆ ಎಲ್ಲಕ್ಕಿಂತ ಕೆಟ್ಟದ್ದೂ ಎಲ್ಲಕ್ಕಿಂತ ಸೌಮ್ಯವಾದದ್ದೂ ನಿಮಗೆ ಒಂದೇ. ನಿಯಮ ಮಾಡಿದವರು ನಿಮ್ಮನ್ನು ಕೇಳಿ ಮಾಡಲಿಲ್ಲ.

ಇನ್ನು ಮೂಗಿನ ವಿಚಾರ. ಎಲೆ ತಿನ್ನುವ ಹುಳಕ್ಕೆಂದು ತೌಡಿಗೆ ಬೆಲ್ಲದ ನೀರು ಹಾಕಿ, ಮೊನೊಕ್ರೊಟೊಫಾಸ್ ಸೇರಿಸಿ, ಕಲಸಿ ಹುದುಗಲು ಬಿಟ್ಟು, ಮಾರನೇ ಸಂಜೆ ಹೊಲಕ್ಕೆ ಎರಚುವ ಪದ್ಧತಿಯಿದೆ. ಇದಕ್ಕೆ ವಿಷಪಾಷಾಣ ಎನ್ನುತ್ತಾರೆ. ಹಿತ್ತಲ ಮೂಲೆಯಲ್ಲಿ ಹರಕು ಗೋಣಿಚೀಲ ಮುಚ್ಚಿಟ್ಟ ಬುಟ್ಟಿ ಅದೇ. ಬೆಲ್ಲದ ವಾಸನೆ ಹುಳಕ್ಕೆ ಎಷ್ಟು ಹಿಡಿಸುತ್ತದೋ ನಿಮಗೂ ಅಷ್ಟೇ ಹಿಡಿಸುತ್ತದೆ. ರೊಟ್ಟಿ ಜಾತ್ರೆಗೆ ಹೆಸರಾದ ಊರಿನವರು ನೀವು. ಒಣ ರೊಟ್ಟಿಗೆ ತೃಪ್ತರಾಗಿರಿ.

ಕಡಲೆಗೆ ಕಾಯಿಕೊರಕ ಬಿದ್ದು ಎಣ್ಣಿ ಹೊಡೆಯುತ್ತಿರುವಾಗ ಯಜಮಾನರ ಹಿಂದೆ ಸಾಲುಸಾಲು ತಿರುಗಬೇಡಿರಿ. ಹಿತ್ತಲ ಬದನೆಗೆ ಹೊಡೆದರೂ ಇದೇ ಮಾತು. ಎಲೆ, ನೆಲ ಪೂರ್ತಿ ಒಣಗುವ ತನಕ ಒಳಗೇ ಇರಿ. ತುಳಿದುಬಿಟ್ಟರೆ ಕಾಲು ನೆಕ್ಕಬೇಡಿರಿ. (ಈ ಸೂಚನೆ ಪಾಲಿಸಿದ ನಾಯಿ ಇನ್ನೂ ಹುಟ್ಟಿಲ್ಲ. ಕಾಲು ತೊಳೆಯುವುದು ಯಜಮಾನರ ಕೆಲಸ: ಸೋಪು, ನೀರು, ಕೈಗೆ ಗವಸು.) ಪಂಪು ತೊಳೆದ ನೀರು ನಿಂತ ಗುಂಡಿಯಲ್ಲಿ, ಖಾಲಿ ಡಬ್ಬಿ ಕತ್ತರಿಸಿ ಮಾಡಿದ ಬಟ್ಟಲಲ್ಲಿ ನೀರು ಕುಡಿಯಬೇಡಿರಿ. ಆ ಬಟ್ಟಲು ನಿಮಗೆಂದೇ ಮಾಡಿದ್ದಾದರೂ ಸರಿ.

ಮೈಯಲ್ಲಿ ಉಣ್ಣಿ ಆಗಿವೆಯೆಂದು, ಹೊಲಕ್ಕೆ ಹೊಡೆದು ಉಳಿದದ್ದನ್ನೇ ಬಟ್ಟೆಗೆ ಅದ್ದಿಕೊಂಡು ಯಜಮಾನರು ಬರಬಹುದು. "ಏನಾಗಂಗಿಲ್ಲ ಬಾ" ಎನ್ನಬಹುದು. ಓಡಿರಿ. ಸ್ವಾಮಿನಿಷ್ಠೆ ಬಿಡಲು ಈ ಕೈಪಿಡಿ ಅನುಮತಿ ಕೊಡುವುದು ಇದೊಂದು ಕಡೆ ಮಾತ್ರ. ಉಣ್ಣಿಗೆ ಬೇರೆ ಔಷಧವಿದೆ, ಅದನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ.

ಉಳಿದದ್ದು ಯಜಮಾನರಿಗೆ; ಆ ಹೊತ್ತಿಗೆ ನಾಯಿಗೆ ಓದುವ ತ್ರಾಣ ಇರುವುದಿಲ್ಲ. ಬಾಯಿಂದ ಜೊಲ್ಲು ಧಾರೆಯಾಗಿ ಸುರಿಯುವುದು, ಕಣ್ಣಲ್ಲಿ ನೀರು, ವಾಂತಿ, ಭೇದಿ, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮೈ ಅದುರುವುದು, ಉಬ್ಬಸ: ಇವು ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ ಜಾತಿಯ ವಿಷದ ಗುರುತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲು, ಎಣ್ಣೆ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಕೆಲಸ ಕೆಡುತ್ತದೆ. ನೇರ ಪಶು ಆಸ್ಪತ್ರೆಗೆ ಒಯ್ಯಿರಿ. ಪಶು ಸಂಜೀವಿನಿಯ ಸಹಾಯವಾಣಿ 1962. ಡಬ್ಬಿಯನ್ನೂ ಚೀಲದಲ್ಲಿ ಸುತ್ತಿ ಜೊತೆಗೆ ತನ್ನಿ. ಈ ಜಾತಿಯ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ. ಸೈಪರ್‌ಮೆಥ್ರಿನ್‌ ಆಗಿದ್ದರೆ ಚಿಕಿತ್ಸೆಯೇ ಬೇರೆ. ಯಾವುದೆಂದು ಡಾಕ್ಟರಿಗೆ ಗೊತ್ತಾಗುವುದು ಡಬ್ಬಿಯ ಮೇಲಿನ ಹೆಸರಿನಿಂದ.