ನಮ್ಮನೆ ಕೂಲಿಮಠ

ದೇವರಮನೆಯಲ್ಲಿ ಬೆಂಕಿಪೊಟ್ಟಣ ಕಾಣದೆ ಹೋದರೆ ನಮ್ಮಮ್ಮ ಈಗ ಯಾರನ್ನೂ ಬೈಯುವುದಿಲ್ಲ. "ಇವತ್ತು ರೇಖಾಗಣಿತ ಇತ್ತೇನೋ?" ಎಂದು ನನ್ನನ್ನು ಕೇಳುತ್ತಾಳೆ. ಇತ್ತು ಎಂದರೆ ಉತ್ತರ ಮುಗಿಯಿತು. ಕಡ್ಡಿಗಳೆಲ್ಲ ತ್ರಿಕೋನ, ಚೌಕಗಳಾಗಿ ನಡುಮನೆಯ ಕಿಟಕಿಯಲ್ಲಿ ತೂಗುತ್ತಿರುತ್ತವೆ. ದೇವರು ಅಷ್ಟು ಹೊತ್ತು ಕತ್ತಲಲ್ಲೇ ಕಾಯುತ್ತಾನೆ.

ಒಂದೂವರೆ ವರ್ಷದಿಂದ ಮೈಸೂರಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯೇ ಶಾಲೆ. ವಿದ್ಯಾರ್ಥಿನಿ ಒಬ್ಬಳೇ, ಎಂಟು ವರ್ಷದ ಪುಟ್ಟಿ. ಮೇಷ್ಟ್ರು ನಾನು. ಮಗ್ಗಿ ವಿಭಾಗದ ಮುಖ್ಯಸ್ಥೆ ನಮ್ಮಮ್ಮ. ಆಡಳಿತ ಮಂಡಳಿ ನನ್ನ ಹೆಂಡತಿ. ಅವಳು ನರ್ಸಿಂಗ್ ಹೋಮಿನಲ್ಲಿ ಪಾಳಿ ಮುಗಿಸಿ ಬಂದು ವರದಿ ತರಿಸಿಕೊಳ್ಳುತ್ತಾಳೆ.

ಇದಕ್ಕೆಲ್ಲ ದೊಡ್ಡ ಶಿಕ್ಷಣತತ್ತ್ವವೇನೋ ಕಾರಣ ಎಂದು ತಿಳಿಯಬೇಡಿ. ಕಾರಣ ಒಂದು ವ್ಯಾನು. ಬೆಳಿಗ್ಗೆ 7.10ಕ್ಕೆ ಅದು ಬೀದಿ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು, 7.05ಕ್ಕೆ ಪುಟ್ಟಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲವೆಂಬುದು ನಮಗೂ ಗೊತ್ತಿತ್ತು, ವ್ಯಾನು ಹೋದ ಹತ್ತು ನಿಮಿಷಕ್ಕೆ ಅವಳು ಮೂರು ದೋಸೆ ತಿನ್ನುತ್ತಿದ್ದಳು. ಅಷ್ಟರಲ್ಲಿ ಮುಂದಿನ ವರ್ಷದ ಫೀಸಿನ ಚೀಟಿ ಬಂತು. ಬೋಧನಾ ಶುಲ್ಕ, ಸ್ಮಾರ್ಟ್ ಕ್ಲಾಸ್ ಶುಲ್ಕ, ಆಕ್ಟಿವಿಟಿ ಶುಲ್ಕ, ಕೊನೆಯಲ್ಲಿ ಒಂದು 'ಇತರೆ'. ಆ ಇತರೆಯೇ ನನ್ನ ಎರಡು ತಿಂಗಳ ಸಂಪಾದನೆಗಿಂತ ಹೆಚ್ಚಿತ್ತು. "ಇತರೆ ಅಂದ್ರೆ ಏನು? ಹಣ ಕೇಳೋರು ಹೆಸರು ಹೇಳಿ ಕೇಳ್ಬೇಕು!" ಎಂದು ಮನೆಯಲ್ಲಿ ಮೂರು ದಿನ ಕೂಗಾಡಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಪುಟ್ಟಿ ನೆನಪಿಟ್ಟುಕೊಂಡಳು.

ನನ್ನ ಕಸುಬು ಕರಡಚ್ಚು ತಿದ್ದುವುದು. ಪುಟಕ್ಕಿಷ್ಟು ಎಂದು ಲೆಕ್ಕ. ಮನೆ ನಡೆಯುವುದು ಹೆಂಡತಿಯ ಸಂಬಳದಲ್ಲಿ, ನಾನು ನಡೆಯುವುದು ನನ್ನ ಸಂಪಾದನೆಯಲ್ಲಿ. ಹಾಗಾಗಿ ಬಹಳ ದೂರ ಹೋಗುವುದಿಲ್ಲ. "ಒಂದು ವರ್ಷ ಮನೇಲೇ ಕಲೀಲಿ ಬಿಡ್ರೀ. ನೀವು ಹೇಗೂ ಮನೇಲೇ ಇರ್ತೀರಲ್ಲ" ಎಂದು ಅವಳು ತೀರ್ಮಾನ ಕೊಟ್ಟಳು. ಆ 'ಹೇಗೂ' ಇನ್ನೂ ಚುಚ್ಚುತ್ತದೆ.

ನಮ್ಮ ತಾತ ಕಲಿತದ್ದು ಕೂಲಿಮಠದಲ್ಲಂತೆ. ಯಾರದೋ ಜಗಲಿ, ಹರವಿದ ಮರಳು, ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಐಗಳಿಗೆ ಕೂಲಿ ರಾಗಿಯೋ ಭತ್ತವೋ. ನಮ್ಮದೂ ಅದೇ ಪರಂಪರೆ ಎಂದು ನಾನು ಹೆಮ್ಮೆಯಿಂದ ಘೋಷಿಸಿದೆ. "ಅವರಿಗೆ ರಾಗಿನಾದ್ರೂ ಕೊಡ್ತಿದ್ರು" ಎಂದಳು ಅಮ್ಮ.

ಮೊದಲ ಉಳಿತಾಯ ಕಾಗದದ್ದು. ನಮ್ಮ ಮನೆಯಲ್ಲಿ ಕರಡಿನ ಹಾಳೆಗಳು ಆಳೆತ್ತರ ಬಿದ್ದಿವೆ, ಎಲ್ಲದರ ಹಿಂಬದಿಯೂ ಖಾಲಿ. ಪುಟ್ಟಿಯ ಕಾಪಿ, ಲೆಕ್ಕ, ಚಿತ್ರ ಎಲ್ಲ ಅದರ ಮೇಲೆಯೇ. ಆದರೆ ಓದು ಕಲಿತ ಮಗು ಹಾಳೆಯ ಒಂದೇ ಮಗ್ಗುಲನ್ನು ನೋಡುತ್ತದೆ ಎಂದುಕೊಂಡದ್ದು ನನ್ನ ತಪ್ಪು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ, "ಅಪ್ಪ, ಮೂಲವ್ಯಾಧಿ ಅಂದ್ರೇನು?" ಎಂದಳು. ಕೂಡುವ ಲೆಕ್ಕದ ಹಿಂದೆ ಮನೆಮದ್ದಿನ ಪುಸ್ತಕದ ನಾಲ್ಕನೆಯ ಅಧ್ಯಾಯವಿತ್ತು. ನಾನು ಹಾಳೆ ಬದಲಾಯಿಸಿದೆ. ಮರುದಿನ ಯಾವುದೋ ಮಹಾಪ್ರಬಂಧದ ಹಿಂಬದಿ ಸಿಕ್ಕಿತು. ಅದರ ಬಗ್ಗೆ ಅವಳು ಏನೂ ಕೇಳಲಿಲ್ಲ. ಆ ವಿದ್ವಾಂಸರ ಬರಹ ಓದಿ ಯಾರೂ ಏನೂ ಕೇಳುವುದಿಲ್ಲ. ತಿದ್ದುವ ನಾನೂ ಕೇಳಿಲ್ಲ.

ಪಾಠದ ಕಾರ್ಡುಗಳಿಗೆ ಲಗ್ನಪತ್ರಿಕೆ. ದಪ್ಪ ಕಾಗದ, ಬಣ್ಣ, ಹೊಳಪು, ಕಾಸು ಖರ್ಚಿಲ್ಲ. ಬಿಳಿ ಮಗ್ಗುಲಲ್ಲಿ 49 ಅಕ್ಷರ, ಕಾಗುಣಿತ, ಒತ್ತಕ್ಷರ ಬರೆದು ಕತ್ತರಿಸಿದೆ. ಅಚ್ಚಾದ ಮಗ್ಗುಲು ವ್ಯಾಕರಣಕ್ಕೆ. 'ಸುಖಾಗಮನಾಭಿಲಾಷಿಗಳು' ಎಂಬ ಒಂದೇ ಪದದಲ್ಲಿ ಎರಡು ಸವರ್ಣದೀರ್ಘ ಸಂಧಿ ಸಿಗುವಾಗ ವ್ಯಾಕರಣ ಪುಸ್ತಕ ಯಾರಿಗೆ ಬೇಕು? ಒಂದೇ ಅನಾನುಕೂಲವೆಂದರೆ, ನನ್ನ ಕರಡು ಚಿಹ್ನೆಗಳನ್ನೂ ಅವಳು ಕಲಿತುಬಿಟ್ಟಳು. ಪಕ್ಕದ ಮನೆಯವರು ಮಗನ ಮದುವೆಗೆ ಕರೆಯಲು ಬಂದಾಗ ಪತ್ರಿಕೆಯನ್ನು ಕೈಗೆ ತೆಗೆದುಕೊಂಡವಳೇ 'ಆರ್ಶೀವಾದವೇ ಉಡುಗೊರೆ' ಎಂಬಲ್ಲಿ ಅರ್ಕಾವೊತ್ತನ್ನು ಹೊಡೆದು ಸರಿಯಾದ ಜಾಗಕ್ಕೆ ಎಳೆದಳು. 'ವಿಜ್ರಂಭಣೆ'ಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅರಿಶಿನ ಕುಂಕುಮದ ಜೊತೆಗೆ ಪತ್ರಿಕೆಯನ್ನೂ ವಾಪಸು ಕೊಟ್ಟಳು. "ಎಷ್ಟು ಪ್ರತಿ ಅಚ್ಚಾಗಿದೆ ಆಂಟಿ?" ಎಂದು ಕೇಳಿದ್ದು ಬೇರೆ. 600 ಅಚ್ಚಾಗಿತ್ತಂತೆ. ಆ ಮದುವೆಗೆ ನಾವು ಮುಯ್ಯಿ ಸ್ವಲ್ಪ ಜಾಸ್ತಿಯೇ ಮಾಡಬೇಕಾಯಿತು.

ಪಠ್ಯಪುಸ್ತಕಗಳಂತೂ ಉಚಿತ. ರಾಜ್ಯದ್ದೂ ಎನ್‌ಸಿಇಆರ್‌ಟಿಯದೂ ಮೊಬೈಲಿಗೇ ಇಳಿಯುತ್ತವೆ. ಮೊಬೈಲಿನ ಗಾಜು ಒಡೆದಿದ್ದರಿಂದ ಗಣಿತ ಪುಸ್ತಕವನ್ನು ಪ್ರಿಂಟ್ ಮಾಡಿಸಲು ಹೋದೆ. ಪುಟಕ್ಕೆ 2 ರೂಪಾಯಿಯಂತೆ 140 ಪುಟಕ್ಕೆ 280. ಪಕ್ಕದ ಪುಸ್ತಕದಂಗಡಿಯಲ್ಲಿ ಅಚ್ಚಾದ ಪುಸ್ತಕವೇ ಅದಕ್ಕಿಂತ ಅಗ್ಗಕ್ಕೆ ಕೂತಿತ್ತು. ಇದನ್ನು ಪ್ರಿಂಟ್ ಕೈಗೆ ಬಂದ ಮೇಲೆ ನೋಡಿದೆ.

ಇನ್ನು ಬೆಂಕಿಕಡ್ಡಿ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರ ಉಪಾಯವದು. ಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿದರೆ ತ್ರಿಕೋನ ಯಾಕೆ ಗಟ್ಟಿ, ಚೌಕ ಯಾಕೆ ಓಲಾಡುತ್ತದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಅದ್ಭುತವಾದ ಪಾಠ. ಮನೆಯ ಅಟ್ಟದ ತೊಲೆಗೆ ಅಡ್ಡಪಟ್ಟಿ ಯಾಕೆ ಹೊಡೆದಿದ್ದಾರೆ ಎಂದು ನನಗೆ ತಿಳಿದದ್ದೂ ಆವತ್ತೇ. ಆದರೆ ವಾಲ್ವ್ ಟ್ಯೂಬು ಕೇಳಿದಾಗ ಸೈಕಲ್ ಶಾಪಿನ ಸಾಬರು ನನ್ನನ್ನು ಹಳೆಯ ಸ್ನೇಹಿತನಂತೆ ನೋಡಿದರು. "ಈಗ ಯಾರೂ ಕೇಳಲ್ಲ ಸಾರ್. ಯಾವ ಸೈಕಲ್ ಇಟ್ಕೊಂಡಿದೀರ?" ಸೈಕಲ್ಲೇ ಇಲ್ಲ ಎನ್ನಲು ಮನಸ್ಸಾಗದೆ, ತಾತನ ಕಾಲದ್ದೊಂದು ಇದೆ ಎಂದೆ. ಮಾರಿದರೆ ತಮಗೇ ಕೊಡಬೇಕೆಂದು ಈಗಲೂ ಸಿಕ್ಕಲ್ಲೆಲ್ಲ ಕೇಳುತ್ತಾರೆ.

ಅಮ್ಮನ ವಿಭಾಗದ ಶಿಸ್ತೇ ಬೇರೆ. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ. ಇಪ್ಪತ್ತರವರೆಗೆ ಸಾದಾ ಮಗ್ಗಿ, ಆಮೇಲೆ ಕಾಲು, ಅರೆ, ಮುಕ್ಕಾಲು. "ನೀನೂ ಕೂತ್ಕೊಳ್ಳೋ, ಮೇಷ್ಟ್ರಿಗೆ ಬರದೇ ಇದ್ರೆ ಹೇಗೆ" ಎಂದು ನನ್ನನ್ನೂ ಕೂರಿಸಿದಳು. ಹದಿಮೂರು ದಾಟುತ್ತಿದ್ದಂತೆ ನಾನು ತುಟಿ ಮಾತ್ರ ಆಡಿಸುತ್ತಿದ್ದುದನ್ನು ಮೊದಲ ದಿನವೇ ಕಂಡುಹಿಡಿದಳು. ಭಿನ್ನರಾಶಿಗೆ ಅವಳ ಉಪಕರಣ ಅಕ್ಕಿ ಡಬ್ಬದೊಳಗಿನ ಹಿತ್ತಾಳೆ ಪಾವು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಚಟಾಕು ಎಂದರೆ ಸೇರಿನ ಹದಿನಾರನೆಯ ಒಂದು ಭಾಗ. ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಅದೇ ಪಾಠಕ್ಕೆ ಕಾಗದ ಕತ್ತರಿಸುತ್ತ ಒಂದು ವಾರ ಕಳೆದಿದ್ದೆ. ಪುಟ್ಟಿ ಅಲ್ಲಿಗೇ ಬಿಡಲಿಲ್ಲ. ಪಾವನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಶೆಟ್ಟರ ಅಂಗಡಿಗೆ ಹೋಗಿ ಒಂದು ಪಾವು ಅಕ್ಕಿ, ಒಂದು ಪಾವು ಅವಲಕ್ಕಿ ತಕ್ಕಡಿಯಲ್ಲಿಡಿಸಿ, "ಎರಡೂ ಒಂದೇ ಪಾವು, ತೂಕ ಯಾಕೆ ಬೇರೆ?" ಎಂದು ಜಗಳಕ್ಕೆ ನಿಂತಳು. ಗಿರಾಕಿಗಳೆದುರು ತಕ್ಕಡಿಯ ಮಾನ ಉಳಿಸಿಕೊಳ್ಳಲು ಶೆಟ್ಟರೇ ಅಳತೆಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಕಾಲು ಗಂಟೆ ವಿವರಿಸಿದರಂತೆ. ನಮ್ಮ ಶಾಲೆಯ ಏಕೈಕ ಅತಿಥಿ ಉಪನ್ಯಾಸ ಅದು.

ಶೈಕ್ಷಣಿಕ ಪ್ರವಾಸಕ್ಕೆ ಚಾಮುಂಡಿ ಬೆಟ್ಟ. ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಮಾಡಿಸಿದ ಮೆಟ್ಟಿಲುಗಳು, ನಡುವೆ ಒಂದೇ ಕಲ್ಲಿನ ನಂದಿ. ಇತಿಹಾಸ, ಗಣಿತ, ವ್ಯಾಯಾಮ ಮೂರೂ ಒಂದೇ ಏಟಿಗೆ. ಮೆಟ್ಟಿಲು ಸಾವಿರ ಎಂದು ಜನ ಹೇಳುತ್ತಾರೆ, ನಾವೇ ಎಣಿಸೋಣ ಎಂದು ಹೊರಟೆವು. ನಾನು 312ಕ್ಕೆ ಏದುಸಿರಿನಲ್ಲಿ ಲೆಕ್ಕ ತಪ್ಪಿದೆ. ಅವಳು ಕೊನೆಯವರೆಗೂ ಎಣಿಸಿದಳು; ಆದರೆ ಸಾವಿರದ ಬದಲು ಬೇರೆ ಸಂಖ್ಯೆ ಬಂತು. ಬಸ್ಸಿನಲ್ಲಿ ಬಂದು ಮೇಲೆ ಕಾದಿದ್ದ ಅಮ್ಮ, "ತಾಯಿ ಲೆಕ್ಕ ಇಡಲ್ಲ ಕಣೇ" ಎಂದು ಸಮಾಧಾನ ಮಾಡಿದಳು. ವಾಪಸು ಬಸ್ಸಿನಲ್ಲಿ ಅಮ್ಮನಿಗೂ ಪುಟ್ಟಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ದುಡ್ಡು ಕೊಟ್ಟವನು ನಾನೊಬ್ಬನೇ. ಪುಟ್ಟಿ ಮೂರೂ ಟಿಕೆಟ್‌ಗಳನ್ನು ಜೋಪಾನವಾಗಿ ತೆಗೆದಿಟ್ಟುಕೊಂಡಳು. ಯಾಕೆಂದು ಆಗ ನಾನು ಕೇಳಲಿಲ್ಲ.

ಕೇಳಬೇಕಿತ್ತು. ಕೂಡು-ಕಳೆ ಲೆಕ್ಕಕ್ಕೆ ನಿಜವಾದ ಅಭ್ಯಾಸ ಬೇಕೆಂದು ಮನೆಯ ಜಮಾಖರ್ಚಿನ ಪುಸ್ತಕವನ್ನೇ ಅವಳ ಕೈಗೆ ಕೊಟ್ಟಿದ್ದೆ. ಪುಕ್ಕಟೆ ಪಠ್ಯ, ದಿನವೂ ಹೊಸ ಲೆಕ್ಕ. ಎರಡು ವಾರ ಎಲ್ಲವೂ ಚೆನ್ನಾಗಿತ್ತು. ಮೂರನೆಯ ವಾರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, "ಅಪ್ಪ, ಇಲ್ಲಿ ಆರು ಸಲ 'ಇತರೆ' ಅಂತ ಬರೆದಿದೀಯ. ಹಣ ತಗೊಳ್ಳೋರು ಹೆಸರು ಹೇಳ್ಬೇಕಲ್ವಾ?" ಎಂದಳು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಸಿಕ್ಕಿದ್ದು ನಮ್ಮೂರಿನಲ್ಲೇ, ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ. ಅದು 1909ರಲ್ಲಿ ಅಚ್ಚಾಯಿತು. ಅದರಲ್ಲಿ ಕೌಟಿಲ್ಯ ಬೊಕ್ಕಸದ ಹಣ ನುಂಗುವ 40 ಬಗೆಗಳನ್ನು ಹೆಸರಿಸಿದ್ದಾನೆ. ಸೀಮೆಸುಣ್ಣ ತರುತ್ತೇನೆಂದು ಹೊರಟು ಕಾಫಿ ಕುಡಿದು ಬರುವುದು ಆ ಪಟ್ಟಿಯಲ್ಲಿಲ್ಲ. ಇದ್ದಿದ್ದರೆ ನಾನು ಹುಷಾರಾಗಿರುತ್ತಿದ್ದೆ. ಅಂದಿನಿಂದ ಪುಸ್ತಕ ಅವಳ ಅಕ್ಷರದಲ್ಲೇ ಇದೆ: 'ಸೀಮೆಸುಣ್ಣ 10. ಸೀಮೆಸುಣ್ಣ ತರಲು ಹೋದ ಅಪ್ಪನ ಕಾಫಿ 20. ಜೆರಾಕ್ಸ್ 6. ಜೆರಾಕ್ಸ್ ಮಾಡಿಸಲು ಹೋದ ಅಪ್ಪನ ಕಾಫಿ 20, ಮದ್ದೂರು ವಡೆ 35. ಬೆಟ್ಟದ ಬಸ್ಸು: ಅಜ್ಜಿ 0, ಪುಟ್ಟಿ 0, ಅಪ್ಪ 30.' ತಿಂಗಳ ಕೊನೆಗೆ ಎರಡು ಗೆರೆ ಎಳೆದು ಮೊತ್ತ ಹಾಕಿದ್ದಳು. ಶಾಲೆ 212. ಮೇಷ್ಟ್ರು 874. ಕೂಡಿದ್ದರಲ್ಲಿ ತಪ್ಪಿದೆಯೇನೋ ಎಂದು ಎರಡು ಸಲ ನೋಡಿದೆ. ಕಲಿಸಿದವನು ನಾನೇ, ತಪ್ಪಿರಲಿಲ್ಲ.

ಏಪ್ರಿಲ್ ಮೊದಲ ವಾರ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆಂದು ಬೀದಿ ಕೊನೆಯ ಸರ್ಕಾರಿ ಶಾಲೆಯ ಮೇಡಂ ಬಂದರು. 6ರಿಂದ 14 ವಯಸ್ಸಿನವರೆಲ್ಲ ಶಾಲೆಯಲ್ಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸೆ. ಮನೆಯಲ್ಲೇ ಕಲಿಸುವ ನನ್ನಂಥವರ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲ, ಮೇಡಂ ತಂದಿದ್ದ ನಮೂನೆಯಲ್ಲೂ ಅದಕ್ಕೆ ಕಾಲಂ ಇರಲಿಲ್ಲ. ಅವರು ಪೆನ್ನು ಹಿಡಿದು ಯೋಚಿಸುತ್ತಿದ್ದಾಗ ನಾನು ಲಗ್ನಪತ್ರಿಕೆ ಕಾರ್ಡುಗಳನ್ನು ಹರಡಿ, ಮಗು ತನ್ನ ವೇಗದಲ್ಲಿ ತಾನೇ ಕಾರ್ಡು ಆರಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನನ್ನ ಹೊಸ ಪದ್ಧತಿಯನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

"ಚೆನ್ನಾಗಿದೆ ಸಾರ್. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ನಲಿ-ಕಲಿ ಅಂತ ಇದನ್ನೇ ಶುರು ಮಾಡಿದ್ರು. ರಿಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕಾರ್ಡು ಬರೆದದ್ದು. ಆಮೇಲೆ ರಾಜ್ಯಕ್ಕೆಲ್ಲ ಬಂತು. ನಮ್ಮ ಶಾಲೇಲೂ ಒಂದರಿಂದ ಮೂರನೇ ಕ್ಲಾಸಿಗೆ ಅದೇ."

ನಾನು ಕಾರ್ಡುಗಳನ್ನು ಒಟ್ಟುಮಾಡತೊಡಗಿದೆ. ಅವರು ಮುಂದುವರಿಸಿದರು: ಪುಸ್ತಕ ಉಚಿತ, ಸಮವಸ್ತ್ರ ಉಚಿತ, ಶೂ ಉಚಿತ, ಬಿಸಿಯೂಟ, ಹಾಲು, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಪ್ರಿಂಟ್ ಮಾಡಿಸಿದ 280 ರೂಪಾಯಿಯ ಪುಸ್ತಕವನ್ನು ನಾನು ಮೆಲ್ಲಗೆ ಮಣೆಯ ಕೆಳಗೆ ತಳ್ಳಿದೆ. ನಿಜ ಹೇಳಬೇಕೆಂದರೆ ಆ ಶಾಲೆ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಒಂದೂವರೆ ವರ್ಷ ಅದರ ಮುಂದಿನಿಂದಲೇ ನಾನು ಕಾಫಿಗೆ ಹೋಗಿಬರುತ್ತಿದ್ದೆ. ಒಮ್ಮೆಯೂ ತಲೆ ಒಳಗೆ ಹಾಕಿ ನೋಡಿರಲಿಲ್ಲ. ಬಡತನಕ್ಕೂ ಒಂದು ಬಿಗುಮಾನ ಇರುತ್ತದಲ್ಲ, ಅದರ ಖರ್ಚೇ ದೊಡ್ಡದು.

ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆ. "ವ್ಯಾನ್ ಇದ್ಯಾ ಮಿಸ್?"

"ಇಲ್ಲಮ್ಮ, ನಡ್ಕೊಂಡೇ ಬರ್ಬೇಕು."

"ಹಾಗಾದ್ರೆ ಬರ್ತೀನಿ."

ಮೇಡಂ ಹೆಸರು ಬರೆದುಕೊಂಡು, ಅಮ್ಮ ಕೊಟ್ಟ ಕಾಫಿ ಕುಡಿದು ಹೋದರು. ಪುಟ್ಟಿ ಆ ಕಾಫಿಯನ್ನೂ ಬರೆದಳು: 'ಮಿಸ್‌ಗೆ ಮನೆ ಕಾಫಿ, 0.' ಆಮೇಲೆ ಪೆನ್ಸಿಲ್ ಕಚ್ಚಿಕೊಂಡು, ಜೂನಿನಿಂದ ನನ್ನ ಕಾಫಿಯನ್ನು ಯಾವ ಲೆಕ್ಕಕ್ಕೆ ಬರೆಯಬೇಕು ಎಂದು ಅವರಮ್ಮನನ್ನು ಕೇಳಿದಳು. ಆಡಳಿತ ಮಂಡಳಿ ಇನ್ನೂ ಉತ್ತರ ಕೊಟ್ಟಿಲ್ಲ.

ಶಾಲೆ ಶುರುವಾಗಲು ಐದು ವಾರ ಉಳಿದಿದೆ. ಸಂಜೆಯ ಮಗ್ಗಿ ಮಾತ್ರ ನಿಲ್ಲುವುದಿಲ್ಲ ಎಂದು ಅಮ್ಮ ಹೇಳಿಬಿಟ್ಟಿದ್ದಾಳೆ. ಪುಟ್ಟಿಗೆ ಇಪ್ಪತ್ತರವರೆಗೂ ಬರುತ್ತದೆ. ನನ್ನದು ಹದಿನೇಳಕ್ಕೆ ನಿಂತಿದೆ.