ಒಸರುವ ಗೋಡೆ: ಬಳಕೆದಾರರ ಕೈಪಿಡಿ

(ಬೆಂಗಳೂರಿನ ಗ್ರೌಂಡ್ ಫ್ಲೋರ್ ಮನೆಗಳಿಗೆ ಅನ್ವಯ. ಮೇಲಿನ ಮಹಡಿಯವರು ಓದಬೇಕಾಗಿಲ್ಲ. ಅವರ ಬಾತ್‌ರೂಮಿನ ಕೊಡುಗೆಯನ್ನು ಮುಂದೆ ಸ್ಮರಿಸಲಾಗಿದೆ.)

1. ಉತ್ಪನ್ನದ ಪರಿಚಯ

ಮನೆಯ ಜೊತೆಗೇ ಬಂದಿರುವ ತೇವಕ್ಕೆ ಪ್ರತ್ಯೇಕ ಬಾಡಿಗೆ ಇಲ್ಲ. ಇದು ನಾಲ್ಕು ಮಾದರಿಗಳಲ್ಲಿ ಸಿಗುತ್ತದೆ. ದುರಸ್ತಿಗೆ ಕೈಹಾಕುವ ಮುನ್ನ ನಿಮ್ಮದು ಯಾವುದೆಂದು ತಿಳಿಯಬೇಕು. ಯಾರೂ ತಿಳಿಯಲು ಹೋಗುವುದಿಲ್ಲ, ನೇರವಾಗಿ ಪೇಂಟರ್‌ಗೆ ಫೋನ್ ಮಾಡುತ್ತಾರೆ.

ಏರುವ ಮಾದರಿ: ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೆಲದ ನೀರನ್ನು ಹೀರಿ ಮೇಲೇರಿಸುತ್ತದೆ. ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತಲ್ಲಿ ಬಣ್ಣ ಉಬ್ಬಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಚಕ್ಕೆ ಮುರಿದು ಬಿಳಿ ಪುಡಿ ಜರ್ರನೆ ಸ್ಕರ್ಟಿಂಗ್ ಮೇಲೆ ಸುರಿಯುತ್ತದೆ. ನೀರಿನ ಜೊತೆ ಹತ್ತಿ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿದ ಉಪ್ಪು ಅದು.

ನುಗ್ಗುವ ಮಾದರಿ: ಹೊರಗೋಡೆಯ ಬಿರುಕಿನಿಂದಲೋ ಕಿಟಕಿಯ ಸಜ್ಜೆಯಿಂದಲೋ ಬರುತ್ತದೆ. ಮಳೆ ಬಂದರೆ ಕಾಣಿಸಿಕೊಂಡು, ಬಿಸಿಲು ಬಂದರೆ ಮಾಯವಾಗುತ್ತದೆ.

ಸೋರುವ ಮಾದರಿ: ಗೋಡೆಯೊಳಗಿನ ಪೈಪು, ಬಾತ್‌ರೂಮಿನ ನಹಾನಿ ಟ್ರ್ಯಾಪು, ಮೇಲಿನ ಮನೆಯವರ ಸ್ನಾನ, ಇವುಗಳ ಕೃಪೆ. ಇದಕ್ಕೆ ಬೇಸಿಗೆ, ಮಳೆಗಾಲವೆಂಬ ಭೇದವಿಲ್ಲ.

ಬೆವರುವ ಮಾದರಿ: ಚಳಿಗಾಲದಲ್ಲಿ, ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ. ಉಪ್ಪು ಬಿಡುವುದಿಲ್ಲ, ಕಪ್ಪು ಬೂಷ್ಟು ಹಿಡಿಯುತ್ತದೆ. “ನೀವು ಒಳಗಡೆ ಬಟ್ಟೆ ಒಣಗಿಸ್ತೀರಲ್ಲಾ ಸಾರ್, ಅದಕ್ಕೇ” ಎಂದು ಓನರ್ ನಾಲ್ಕು ಮಾದರಿಗಳಿಗೂ ಹೇಳುವ ಮಾತು ಈ ಒಂದಕ್ಕೆ ಮಾತ್ರ ನಿಜ.

2. ಪತ್ತೆ ಹಚ್ಚುವ ವಿಧಾನ

ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ, ಗೋಡೆಗೆ ನಾಲ್ಕೂ ಕಡೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಗೋಡೆಯ ಕಡೆಗಿದ್ದರೆ ನೀರು ಗೋಡೆಯೊಳಗಿನದು. ನಿಮ್ಮ ಕಡೆಗಿದ್ದರೆ ಕೋಣೆಯ ಗಾಳಿಯದು, ಕಿಟಕಿ ತೆಗೆಯಿರಿ.

ಪೈಪಿನ ಮೇಲೆ ಅನುಮಾನವಿದ್ದರೆ ರಾತ್ರಿ ಎಲ್ಲಾ ನಲ್ಲಿ ನಿಲ್ಲಿಸಿ, ಮೋಟರ್ ಹಾಕದೆ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇಡೀ ಕಟ್ಟಡಕ್ಕೆ ಒಂದೇ ಟ್ಯಾಂಕಾದರೆ ಮೂರು ಸಂಸಾರಗಳು ಒಂದೇ ರಾತ್ರಿ ನಲ್ಲಿ ಮುಟ್ಟದಿರಬೇಕು. ಈ ಹಂತದಲ್ಲಿ ಹೆಚ್ಚಿನ ತನಿಖೆಗಳು ಮುಕ್ತಾಯವಾಗುತ್ತವೆ.

3. ತಜ್ಞರ ಸಲಹೆ

ಗಾರೆ ಮೇಸ್ತ್ರಿಯನ್ನು ಕರೆಯಿರಿ: “ಇದು ಪ್ಲಂಬಿಂಗ್ ಪ್ರಾಬ್ಲಂ.” ಪ್ಲಂಬರ್‌ನನ್ನು ಕರೆಯಿರಿ: “ಪೈಪೆಲ್ಲಾ ಸರಿಯಾಗೈತೆ, ಗಾರೆ ಕೆಲಸಾನೇ ಸರಿ ಇಲ್ಲ.” ಪೇಂಟರ್ ಮಾತ್ರ ಯಾರನ್ನೂ ದೂರುವುದಿಲ್ಲ: “ಎರಡು ಕೋಟ್ ಹೊಡೆದ್ರೆ ಏನೂ ಕಾಣಲ್ಲ ಸಾರ್.” ಮೂವರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳುವವನು ಇವನೇ. ನಿಜಕ್ಕೂ ಏನೂ ಕಾಣುವುದಿಲ್ಲ, ಮುಂದಿನ ಮಳೆಯವರೆಗೆ.

4. ದುರಸ್ತಿ (ಜನಪ್ರಿಯ ವಿಧಾನ)

ಅ) ಕಲೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿ. ಆ) ಕಲೆ ಕ್ಯಾಲೆಂಡರಿಗಿಂತ ದೊಡ್ಡದಾದಾಗ ಬೀರು ಸರಿಸಿ. ಇ) ಬೀರುವಿನ ಕಾಲಿಗೆ ತುಕ್ಕು ಹಿಡಿದಾಗ ವಾಟರ್‌ಪ್ರೂಫ್ ಪುಟ್ಟಿ ಬಳಿಸಿ. ಈ) ಪುಟ್ಟಿಯೂ ಉದುರಿದರೆ ಮೂರು ಅಡಿಯವರೆಗೆ ಟೈಲ್ಸ್ ಹಾಕಿಸಿ. ಆರುವುದಕ್ಕೆ ಜಾಗ ಸಿಗದ ನೀರು ಟೈಲ್ಸ್ ದಾಟಿ ನಾಲ್ಕನೇ ಅಡಿಯಲ್ಲಿ ಹೊರಬರುತ್ತದೆ. ಈಗ ಕ್ಯಾಲೆಂಡರನ್ನು ಇನ್ನೊಂದು ಮೊಳೆ ಮೇಲಕ್ಕೆ ತೂಗುಹಾಕಿ.

5. ಎಚ್ಚರಿಕೆ!

ಕೆಳಗಿನವನ್ನು ಮಾಡಿದರೆ ತೇವ ನಿಜವಾಗಿಯೂ ಹೋಗಿಬಿಡುವ ಅಪಾಯವಿದೆ.

ಗೋಡೆ ಬಿಟ್ಟು ಅಂಗಳ ನೋಡುವುದು: ಪಾಯದ ಮೇಲೆ, ಗೋಡೆ ಏಳುವ ಮುನ್ನ, ನೆಲದ ನೀರು ತಡೆಯಲೆಂದು ಹಾಕುವ ಕಾಂಕ್ರೀಟ್ ಪಟ್ಟಿಗೆ ಡಿಪಿಸಿ ಎನ್ನುತ್ತಾರೆ. ಹೊರಗಿನ ನೆಲ ಅದಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ನಮ್ಮ ಬೀದಿಗಳಲ್ಲಿ ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾರೆ. ರಸ್ತೆ ಏರಿತೆಂದು ಓನರ್ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸುತ್ತಾರೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಡಿಪಿಸಿ ಮಣ್ಣಿನಡಿ ಸೇರಿದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೋಡೆಗೆ ತಾಗಿದ ಮಣ್ಣು ತೆಗೆಸಿ, ನೀರು ಹೊರಕ್ಕೆ ಹರಿಯುವಂತೆ ವಾಟ ಕೊಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಪ್ಲಾಸ್ಟರ್ ಕೀಳುವುದು: ಕಲೆಯಿಂದ ಒಂದು ಅಡಿ ಮೇಲಿನವರೆಗೆ, ಇಟ್ಟಿಗೆ ಕಾಣುವಂತೆ. ಹಳೆಯ ಪ್ಲಾಸ್ಟರಿನ ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಅದನ್ನು ಉಳಿಸಿ ಫಲವಿಲ್ಲ. ಇಟ್ಟಿಗೆಯ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಇಂಜೆಕ್ಷನ್ ಕೊಡಿಸುವುದು: ಡಿಪಿಸಿ ಇಲ್ಲದ ಹಳೆಯ ಗೋಡೆಗೆ, ಬುಡದಲ್ಲಿ ನಾಲ್ಕೈದು ಅಂಗುಲಕ್ಕೊಂದು ತೂತು ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸುತ್ತಾರೆ. ಪೈಪು ಸೋರುವ ಗೋಡೆಗೆ ಇದನ್ನು ಮಾಡಿಸಿದರೆ ಖರ್ಚು ಮಾತ್ರ ಒಳಗಿಳಿಯುತ್ತದೆ.

ಕಾಯುವುದು: ಗೋಡೆ ಆರಲು ಅಂಗುಲಕ್ಕೆ ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಒಂಬತ್ತು ತಿಂಗಳು. ಆಮೇಲೆ, ಉಸಿರಾಡುವ ಸುಣ್ಣದ ಗಾರೆ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಒಂಬತ್ತು ತಿಂಗಳು ಬೋಳು ಇಟ್ಟಿಗೆ ನೋಡಿಕೊಂಡು ಬಾಡಿಗೆ ಕಟ್ಟುವವರು ಯಾರು? ಮುಂದಿನವರಿಗಾಗಿ ಗೋಡೆ ಒಣಗಿಸುವ ಓನರ್ ಯಾರು? ಹೀಗಾಗಿ ಈ ವಿಧಾನ ಪುಸ್ತಕದಲ್ಲೇ ಸುರಕ್ಷಿತವಾಗಿದೆ.

6. ವಾರಂಟಿ

ಮನೆ ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಆ ದುಡ್ಡಿನ ಬಣ್ಣವೇ ಮುಂದಿನ ಬಾಡಿಗೆದಾರರಿಂದ ಕಲೆಯನ್ನು ಮುಚ್ಚಿಡುತ್ತದೆ. ನೀವು ಬಂದಾಗ ಮನೆಯಲ್ಲಿ ಘಮಘಮಿಸುತ್ತಿದ್ದದ್ದು ಹಿಂದಿನವರ ದುಡ್ಡು.

7. ಹೊಸ ಗ್ರಾಹಕರಿಗೆ

ಮನೆ ಹುಡುಕುವವರು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್-ಮೇನಲ್ಲಿ ಹೊರಡುತ್ತಾರೆ. ಆಗ ಎಲ್ಲಾ ಗೋಡೆಗಳೂ ಸಂಭಾವಿತ. ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರಿನ ಸುಮಾರಿಗೆ. ಅದೇ ಹೊತ್ತಿಗೆ ಪಿತೃಪಕ್ಷ ಬರುವುದರಿಂದ ಯಾರೂ ಮನೆ ನೋಡಲು ಹೋಗುವುದಿಲ್ಲ. ನೀವು ಹೋಗಿ. ಹಿರಿಯರು ಬೇಸರಪಟ್ಟುಕೊಳ್ಳುವುದಿಲ್ಲ, ಅಡ್ವಾನ್ಸನ್ನು ಬೇಕಾದರೆ ನವರಾತ್ರಿಯಲ್ಲಿ ಕೊಡಿ.