ಬೊಂಬಾಯಿಯ ಏಳು ಜ್ಯೂರಿ ಮಹಾಶಯರಿಗೊಂದು ಬಹಿರಂಗ ಪತ್ರ

1908ರ ಜುಲೈ 22ರ ರಾತ್ರಿ ಬೊಂಬಾಯಿ ಹೈಕೋರ್ಟಿನಲ್ಲಿ ಬಾಲ ಗಂಗಾಧರ ತಿಲಕರನ್ನು ರಾಜದ್ರೋಹಿಯೆಂದು ಸಾರಿದ ಏಳು ಮಂದಿ ಯುರೋಪಿಯನ್ ಮಹನೀಯರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ. ನೀವೀಗ ಇರುವ ಕಡೆ ಕೋರ್ಟಿನ ಕರೆ ಬರಲಾರದು, ಓದಲು ಪುರಸತ್ತಿರುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಿಮಗೆ ಸಲ್ಲಬೇಕಾದ ಕೃತಜ್ಞತೆಯನ್ನು ನಮ್ಮವರು ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆ. ಆರು ವರ್ಷ ಗಡೀಪಾರಿನ ಶಿಕ್ಷೆ ಕೊಟ್ಟ ನ್ಯಾಯಮೂರ್ತಿ ದಾವರ್ ಅವರನ್ನು ಬೈಯುವುದಕ್ಕಾದರೂ ಜನ ನೆನೆಯುತ್ತಾರೆ. ನಿಮಗೆ ಆ ಭಾಗ್ಯವೂ ಇಲ್ಲ.

ಮೊದಲು ನಿಮ್ಮ ನಿಷ್ಪಕ್ಷಪಾತವನ್ನು ಕೊಂಡಾಡಬೇಕು. ಮುಜಫರಪುರದಲ್ಲಿ ಕ್ರಾಂತಿಕಾರಿಗಳು ಎಸೆದ ಬಾಂಬಿನ ನಂತರ ತಿಲಕರ ಪತ್ರಿಕೆ ‘ಕೇಸರಿ’ಯಲ್ಲಿ ಬಂದ ಲೇಖನಗಳು ಸರ್ಕಾರದ ಮೇಲೆ ದ್ವೇಷ ಹುಟ್ಟಿಸುತ್ತವೆಯೇ ಎಂದು ನೀವು ತೀರ್ಮಾನಿಸಬೇಕಿತ್ತು. ಲೇಖನಗಳು ಮರಾಠಿಯಲ್ಲಿದ್ದವು. ಸರ್ಕಾರಿ ವಕೀಲರು ವಿಶೇಷ ಜ್ಯೂರಿ ಬೇಕೆಂದಾಗ ತಿಲಕರ ಪರವಾಗಿ ಜೋಸೆಫ್ ಬ್ಯಾಪ್ಟಿಸ್ಟಾ ತಕರಾರು ತೆಗೆದರು: ಹಾಗೆ ಮಾಡಿದರೆ ಮರಾಠಿ ಬಾರದ ಯುರೋಪಿಯನ್ನರೇ ತುಂಬಿಕೊಳ್ಳುತ್ತಾರೆ ಎಂದು. ದಾವರ್ ಒಪ್ಪಲಿಲ್ಲ. (ಇದೇ ದಾವರ್ 1897ರ ಮೊದಲ ರಾಜದ್ರೋಹದ ಮೊಕದ್ದಮೆಯಲ್ಲಿ ತಿಲಕರಿಗೆ ಜಾಮೀನು ಕೇಳಿ ವಾದಿಸಿದ್ದ ವಕೀಲರು. ಹನ್ನೊಂದು ವರ್ಷದ ಮೇಲೆ ಜಿನ್ನಾ ಬಂದು ಜಾಮೀನು ಕೇಳಿದಾಗ ಕೊಡಲಿಲ್ಲ. ಕುರ್ಚಿಯ ಮಹಿಮೆ.) ಕೊನೆಗೆ ಒಂಬತ್ತು ಜನರಲ್ಲಿ ನೀವು ಏಳು, ಪಾರ್ಸಿಗಳು ಇಬ್ಬರು. ತಿಲಕರು ತಮ್ಮ ವಾದವನ್ನು ತಾವೇ ಮಾಡಿದರು, ದಿನಗಟ್ಟಲೆ, ಒಟ್ಟು ಸುಮಾರು 21 ಗಂಟೆ. ಅನುವಾದ ಎಲ್ಲೆಲ್ಲಿ ತಪ್ಪಿದೆ, ಮೂಲದ ಮಾತಿಗೆ ಎಷ್ಟು ಕಾವಿದೆ ಎಂದು ಬಿಡಿಸಿ ಹೇಳಿದರು. ಮೂಲ ಓದಿದವರಿಗಲ್ಲವೇ ಅನುವಾದದ ಅನುಮಾನ! ನಿಮಗೆ ಆ ತೊಡಕಿರಲಿಲ್ಲ.

ಸರೀಕನನ್ನು ಸರೀಕರೇ ವಿಚಾರಿಸಬೇಕು ಎನ್ನುವುದು ನಿಮ್ಮ ನಾಡಿನ ಹಳೆಯ ಹೆಮ್ಮೆ. ಅದನ್ನು ನಮ್ಮಲ್ಲಿಯೂ ಪಾಲಿಸಿದಿರಿ, ನಿಮ್ಮವರ ಮಟ್ಟಿಗೆ. ಯುರೋಪಿಯನ್ನರನ್ನು ಭಾರತೀಯ ನ್ಯಾಯಾಧೀಶರೂ ವಿಚಾರಿಸಬಹುದು ಎಂದ ಇಲ್ಬರ್ಟ್ ಮಸೂದೆಯ ಮೇಲೆ ಇಲ್ಲಿನ ಬಿಳಿಯರು ಎಬ್ಬಿಸಿದ ಗದ್ದಲ ಅಡಗಿದಾಗ ಅವರಿಗೆ ಸಿಕ್ಕಿದ್ದು ಇದು: ಆರೋಪಿ ಯುರೋಪಿಯನ್ ಬ್ರಿಟಿಷ್ ಪ್ರಜೆಯಾಗಿದ್ದರೆ ಜ್ಯೂರಿಯಲ್ಲಿ ಕನಿಷ್ಠ ಅರ್ಧದಷ್ಟು ಯುರೋಪಿಯನ್ನರೋ ಅಮೆರಿಕನ್ನರೋ ಇರಲಿ ಎಂದು ಕೇಳಬಹುದು. ಅಂದರೆ ರಾಜನ ವಿರುದ್ಧ ಬಂದೂಕು ಹಿಡಿದು ಬೇರೆಯಾದ ಅಮೆರಿಕದವರು ನಿಮಗೆ ಸರೀಕರು. ಪತ್ರಿಕೆಯಲ್ಲಿ ಲೇಖನ ಬರೆದ ಪುಣೆಯವರಿಗೆ ಮಾತ್ರ ಪುಣೆಯ ಸರೀಕರು ಬೇಡ.

ಇನ್ನೊಂದು ಅನುಕೂಲವನ್ನು ನೀವು ಗಮನಿಸಿದ್ದಿರೋ ಇಲ್ಲವೋ. ಆ ಕಾಲದ ಇಂಗ್ಲೆಂಡಿನಲ್ಲಿ ಅಪರಾಧಿ ಎನ್ನಬೇಕಾದರೆ ಹನ್ನೆರಡು ಜನರೂ ಒಮ್ಮತಕ್ಕೆ ಬರಬೇಕಿತ್ತು. ಒಬ್ಬ ಹಟಮಾರಿ ಸಾಕು, ತೀರ್ಪು ನಿಂತುಹೋಗುತ್ತಿತ್ತು. ಇಲ್ಲಿನ ಹೈಕೋರ್ಟಿನಲ್ಲಿ ಒಂಬತ್ತರಲ್ಲಿ ಆರು ಜನ ಒಂದಾಗಿ ನ್ಯಾಯಾಧೀಶರು ತಲೆಯಾಡಿಸಿದರೆ ಮುಗಿಯಿತು. ಇಬ್ಬರು ಪಾರ್ಸಿಗಳು ಒಪ್ಪಲಿಲ್ಲ. ಏಳಕ್ಕೆ ಎರಡು. 1897ರಲ್ಲಿಯೂ ಹೀಗೆಯೇ ಆರು ಯುರೋಪಿಯನ್ನರು ದೋಷಿ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಲಂಡನ್ನಿನ ನಿಯಮ ಇಲ್ಲಿದ್ದಿದ್ದರೆ ಎರಡು ಸಲವೂ ನಿಮ್ಮ ಸರ್ಕಾರಕ್ಕೆ ಎಷ್ಟು ತೊಂದರೆ!

ನಿಮ್ಮ ವೇಗವನ್ನೂ ಮೆಚ್ಚಬೇಕು. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡರನ್ನು ದೋಷಿಗಳೆನ್ನಲು ಒಪ್ಪದ ಜ್ಯೂರಿಯನ್ನು ಅನ್ನ, ನೀರು, ಬೆಂಕಿ ಕೊಡದೆ ಕೂಡಿಹಾಕಿದ್ದರು. ಅವರು ಜಗ್ಗಲಿಲ್ಲ. ನಿರ್ದೋಷಿ ಎಂದದ್ದಕ್ಕೆ ತಲಾ 40 ಮಾರ್ಕ್ ದಂಡ ಬಿತ್ತು. ಎಡ್ವರ್ಡ್ ಬುಷೆಲ್ ಕಟ್ಟಲೊಪ್ಪದೆ ಜೈಲಿನಲ್ಲಿ ಕುಳಿತ. ಜ್ಯೂರಿಯನ್ನು ಅದರ ತೀರ್ಪಿಗಾಗಿ ದಂಡಿಸುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾನ್ ಅವನನ್ನು ಬಿಡಿಸಿದರು. ಎಷ್ಟೊಂದು ರಗಳೆ! ನೀವು ರಾತ್ರಿ ಎಂಟಕ್ಕೆ ಒಳಗೆ ಹೋದವರು ಒಂದೂಕಾಲು ಗಂಟೆಯಲ್ಲಿ ಹೊರಗೆ ಬಂದಿರಿ. ಊಟ ತಪ್ಪಲಿಲ್ಲ.

ನಿಮ್ಮಿಂದಾದ ಉಪಕಾರಗಳೂ ಉಂಟು. ಬೊಂಬಾಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಮುಷ್ಕರ ಹೂಡಿದರು. ತಿಲಕರು ಮಂಡಾಲೆಯ ಸೆರೆಯಲ್ಲಿ ‘ಗೀತಾರಹಸ್ಯ’ ಬರೆದರು. ಆಲೂರ ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ನೀವು ನಿರ್ದೋಷಿ ಎಂದಿದ್ದರೆ ತಿಲಕರಿಗೆ ಅಷ್ಟು ಬಿಡುವು ಎಲ್ಲಿ ಸಿಗುತ್ತಿತ್ತು?

ಬಿಡುಗಡೆಯಾಗಿ ಬಂದವರು 1916ರಲ್ಲಿ ನಮ್ಮ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಕಟ್ಟಿದರು. ಅಲ್ಲಿನ ಮತ್ತು ಅಹಮದನಗರದ ಭಾಷಣಗಳಿಗಾಗಿ ಮ್ಯಾಜಿಸ್ಟ್ರೇಟರು 20,000 ರೂಪಾಯಿಯ ಮುಚ್ಚಳಿಕೆ ಬರೆಸಿದರು. ಈ ಸಲ ಜಿನ್ನಾ ವಾದಿಸಿದರು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಆ ಆಜ್ಞೆಯನ್ನು ರದ್ದುಮಾಡಿದರು. ಮಹಾಶಯರೇ, ಬೇಸರಿಸಬೇಡಿ: ರಾಜದ್ರೋಹದ ಆಪಾದನೆಯಿಂದ ತಿಲಕರು ಪಾರಾದ ಆ ಸಲ ಅಲ್ಲಿ ಜ್ಯೂರಿ ಇರಲಿಲ್ಲ.

ಈಗ ನಮ್ಮಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಜ್ಯೂರಿಯೇ ಇಲ್ಲ. ಜನ ಇದಕ್ಕೆ, ಗುಂಡಿಕ್ಕಿ ಕೊಂದ ನೌಕಾಧಿಕಾರಿ ನಾನಾವತಿಯನ್ನು ಜ್ಯೂರಿ ನಿರ್ದೋಷಿ ಎಂದ ಪ್ರಕರಣವನ್ನು ದೂರುತ್ತಾರೆ, ಅದರ ಮೇಲೆ ಸಿನಿಮಾ ಬಂದಿದೆಯಲ್ಲ. ಆದರೆ ಆ ಗುಂಡು ಹಾರುವ ಮೊದಲೇ, 1958ರಲ್ಲಿ, ಲಾ ಕಮಿಷನ್ ಜ್ಯೂರಿ ಬೇಡವೆಂದಿತ್ತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಂದಿನ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ನಿಮ್ಮಂಥವರ ಕೆಲಸ ನೋಡಿದ್ದ ನಾಡು ಕಣ್ಣೀರು ಹಾಕಲಿಲ್ಲವೆಂದರೆ ಅದು ಅದರ ಕೃತಘ್ನತೆ.

ಬುಷೆಲ್ ಮತ್ತು ಅವನ ಜೊತೆಗಾರರ ಗೌರವಕ್ಕೆ ಲಂಡನ್ನಿನ ಓಲ್ಡ್ ಬೇಲಿಯಲ್ಲಿ ಒಂದು ಫಲಕವಿದೆ. ಬೊಂಬಾಯಿಯಲ್ಲಿಯೂ ಒಂದಿದೆ. ಜ್ಯೂರಿ ಏನೇ ಹೇಳಿದರೂ ತಾನು ನಿರ್ದೋಷಿ ಎಂದು ನಿಮ್ಮೆದುರು ತಿಲಕರು ನುಡಿದ ಮಾತನ್ನು ಅಮೃತಶಿಲೆಯಲ್ಲಿ ಕೊರೆಸಿ ಇಡಲಾಗಿದೆ. ಅದನ್ನು 1956ರಲ್ಲಿ ಅನಾವರಣ ಮಾಡಿದವರು ಎಂ. ಸಿ. ಛಾಗ್ಲಾ, ಅದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ.

ಇತಿ,
ಬೆಳಗಾವಿಯ ಭಾಷಣ ಓದಿದ ಒಬ್ಬ ಕನ್ನಡಿಗ